ಬೇಲಿಯಾಚೆ ಎದ್ದ ಅಣಬೆ

ನಮ್ಮ ಹಿತ್ತಿಲಿನ ಅಣಬೆ ಈ ವರ್ಷ ಓರಗಿತ್ತಿಯ ಹಿತ್ತಿಲಿಗೆ ಹೋಗಿದೆ. ನಡುವೆ ಇರುವುದು ಒಂದು ಬೇಲಿ ಅಷ್ಟೆ.

ಮೊದಲ ಗುಡುಗು ಮಳೆ ಬಿದ್ದರೆ ಸಾಕು, ನಮ್ಮ ಕೊಟ್ಟಿಗೆಯ ಹಿಂದೆ ಗೆದ್ದಲು ಎಬ್ಬಿಸಿದ ಮಣ್ಣಿನಲ್ಲಿ ಅಣಬೆ ಏಳುತ್ತಿದ್ದವು. ಮದುವೆಯಾಗಿ ಬಂದಾಗಿನಿಂದ ಕೀಳುವವಳು ನಾನೇ. ಕತ್ತಿ ತಾಗಿಸದೆ ಕೈಯಲ್ಲಿ ಕಿತ್ತು, ಸಾರು ಮಾಡಿ, ಓರಗಿತ್ತಿಗೆ ಒಂದು ಬಟ್ಟಲು ಕಳಿಸುತ್ತಿದ್ದೆ. ಅವಳು ಹೊಗಳಬೇಕು, ನಾನು ಕೇಳಿಸದವಳ ಹಾಗೆ ಇರಬೇಕು. ಅದರಲ್ಲೊಂದು ಗತ್ತಿತ್ತು.

ಬೇಸಿಗೆಯಲ್ಲಿ ಕೊಟ್ಟಿಗೆ ಕಂಬಕ್ಕೆ ಗೆದ್ದಲು ಹತ್ತಿತು. ಅಂಗಡಿಯಿಂದ ಪುಡಿ ತರಿಸಿ ಬುಡಕ್ಕೆಲ್ಲ ಸುರಿಸಿದೆ. ಕಂಬ ಉಳಿಯಿತು. ಗೆದ್ದಲಿಲ್ಲದೆ ಆ ಅಣಬೆ ಏಳುವುದಿಲ್ಲ ಎಂದು ಗೊತ್ತಿತ್ತು, ಆದರೆ ಆಗ ಕಂಬವೊಂದೇ ಕಂಡಿತು.

ಮಳೆ ಹಿಡಿದ ಮೇಲೆ ದಿನಾ ಹೋಗಿ ನೋಡಿದೆ. ಬರೀ ಕೆಸರು. ಒಂದು ಬೆಳಗ್ಗೆ ಬೇಲಿಯಾಚೆ ಓರಗಿತ್ತಿ ಮಡಿಲ ತುಂಬ ಅಣಬೆ ಹಿಡಿದು ನಿಂತಿದ್ದಳು.

"ಅಕ್ಕಾ, ಇಲ್ಲಿ ನೋಡಿ! ಗೊಬ್ಬರದ ಗುಂಡಿ ಹತ್ರ ಎಷ್ಟೆದ್ದಿದಾವೆ!"

"ವಿಷದ್ದೋ ಏನೋ. ಜಾಸ್ತಿ ತಿನ್ಬೇಡ ಮಾರಾಯ್ತಿ."

"ನಿಮ್ಮಲ್ಲಿ ಏಳ್ತಿದ್ದದ್ದೇ ಅಲ್ವಾ? ಇಷ್ಟು ವರ್ಷ ನೀವೇ ತಿನ್ಸಿದ್ದೀರಿ, ನಾನೇನು ಸತ್ತೋಗಿದೀನಾ?" ಎಂದು ನಕ್ಕಳು.

ಮಧ್ಯಾಹ್ನ ಅವಳ ಮನೆಯಿಂದ ಬಟ್ಟಲು ಬಂತು. ಕಾಯಿ ಕಡಿಮೆ, ಹುಳಿ ಹೆಚ್ಚು. ನನ್ನ ಗಂಡ ಮತ್ತೆ ಮತ್ತೆ ಬಡಿಸಿಕೊಂಡು, "ತಮ್ಮನ ಹೆಂಡ್ತಿ ಒಳ್ಳೆ ಸಾರು ಮಾಡ್ತಾಳೆ ಕಣೆ" ಎಂದರು. ನನಗೆ ಹೊಟ್ಟೆ ಉರಿಯಿತು, ಖಾರಕ್ಕಲ್ಲ. ಬಟ್ಟಲನ್ನು ಖಾಲಿ ಕಳಿಸಬಾರದಲ್ಲ, ಹಲಸಿನ ಹಪ್ಪಳ ಇಟ್ಟು ಕಳಿಸಿದೆ. ಮುರಿದವನ್ನೇ ಆರಿಸಿ ಇಟ್ಟೆ.

ಮಳೆ ಬಿಡುವು ಕೊಟ್ಟ ದಿನ ಪುಡಿ ಸುರಿಸಿದ್ದ ಮಣ್ಣನ್ನು ಕೆರೆದು ತೆಗೆದೆ. ಕೊಳೆತು ಲಡ್ಡಾದ ಹಳೇ ಮಾವಿನ ದಿಮ್ಮಿಯೊಂದನ್ನು ಉರುಳಿಸಿಕೊಂಡು ಬಂದು ಬೇಲಿಯ ಬುಡದಲ್ಲಿ, ನನ್ನ ಕಡೆಗೆ ಇಟ್ಟೆ.

"ಅಷ್ಟು ಭಾರ ಎಂತಕ್ಕೆ ಎಳೀತೀರಿ ಅಕ್ಕಾ?" ಓರಗಿತ್ತಿ ಆಚೆಯಿಂದ ಕೂಗಿದಳು.

"ಒಲೆಗೆ."

"ಮಳೆಗೆ ನೆನೆದು ಚಂಡಿ ಆಗಿದೆಯಲ್ಲ, ಅದು ಉರೀತದಾ?"

"ಒಣಗ್ಲಿ."

ಅವಳು ಒಳಗೆ ಹೋದ ಮೇಲೆ ದಿಮ್ಮಿಗೆ ಒಂದು ಚೊಂಬು ಸಗಣಿ ನೀರು ಹೊಯ್ದೆ. ಗೆದ್ದಲು ವಾಪಸು ಬರಲಿ. ಈ ಸಲ ಕೊಟ್ಟಿಗೆ ಕಂಬ ತಿಂದರೂ ನಾನು ಮಾತಾಡುವುದಿಲ್ಲ.