ತಂಗಿ ಕೊಟ್ಟಿದ್ದ ಮಾತು

ತಂಗಿ ಹೇಳಿದ ಒಂದು ಸಣ್ಣ ಕೆಲಸವನ್ನು ನಾನು ಮಾಡಲಿಲ್ಲ. 2013ರ ನವೆಂಬರಿನಲ್ಲಿ ಅವಳ ಬಾಣಂತನಕ್ಕೆಂದು ಸಿಯಾಟಲ್ ಹತ್ತಿರದ ಕೆನ್ಮೋರ್‌ಗೆ ಹೋಗಿದ್ದೆ. ಅಮ್ಮ ಇರಲಿಲ್ಲವಾದ್ದರಿಂದ ಏಳನೇ ಕ್ಲಾಸು ಓದಿದ ನಾನೇ ವಿಮಾನ ಹತ್ತಬೇಕಾಯಿತು.

ಪಕ್ಕದ ಮನೆಯ ನಾದಿಯಾ ಈಜಿಪ್ಟಿನವಳು. ಅದೇ ವರ್ಷದ ಜುಲೈನಲ್ಲಿ ಅವಳ ದೇಶದ ಜನ ಆರಿಸಿದ್ದ ಅಧ್ಯಕ್ಷರನ್ನು ಸೈನ್ಯ ಇಳಿಸಿ ಬಂಧನದಲ್ಲಿಟ್ಟಿತ್ತು. ಅವರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾದಿಯಾಳ ಅಣ್ಣನನ್ನೂ ಹಿಡಿದೊಯ್ದಿದ್ದರು. ಇಬ್ಬರನ್ನೂ ಬಿಡಿ ಎಂದು ಬರೆದ ಬೋರ್ಡು ಹಿಡಿದು ಅವಳು ಭಾನುವಾರ ಸಿಗ್ನಲ್ ಬಳಿ ನಿಲ್ಲುತ್ತಿದ್ದಳು. ಆ ಅಧ್ಯಕ್ಷರಿಗೆ ಅವಳು ಓಟೇ ಹಾಕಿರಲಿಲ್ಲವಂತೆ.

"ಆದ್ರೇನಕ್ಕ, ಓಟು ಹಾಕಿ ಕೂರಿಸಿದೋರನ್ನ ಓಟು ಹಾಕೇ ಇಳಿಸ್ಬೇಕು" ಎಂದಳು ತಂಗಿ ಸವಿತಾ.

ಬಸುರಿಯಾಗಿದ್ದಾಗಲೂ ಅವಳು ನಾದಿಯಾಳ ಜೊತೆ ನಿಂತಿದ್ದವಳು. ಬಾಣಂತಿ ಥಂಡಿ ಗಾಳಿಗೆ ಹೋಗಬಾರದೆಂದು ನಾನು ತಡೆದೆ. ಹಾಗಾದರೆ ನನ್ನ ಬದಲು ನೀನು ಹೋಗಿ ಸುಮ್ಮನೆ ನಿಲ್ಲು, ಅಕ್ಕ ಬರ್ತಾಳೆ ಅಂತ ಮಾತು ಕೊಟ್ಟಿದ್ದೀನಿ ಅಂದಳು. ಒಪ್ಪಿ ಹೊರಟೆ. ಸಿಗ್ನಲ್ ಹತ್ತಿರ ಕಾರಿನಿಂದ ಯಾರೋ ನಾದಿಯಾಳನ್ನು ಬೈಯುತ್ತಿದ್ದುದು ಕಾಣಿಸಿತು. ಪೊಲೀಸರು ಬಂದು ನನ್ನ ವೀಸಾ ಕೇಳಿದರೆ? ಅಲ್ಲಿಂದಲೇ ತಿರುಗಿದೆ. ಕೆರೆ ದಂಡೆಯ ಬೆಂಚಿನ ಮೇಲೆ ಹೊತ್ತು ಕಳೆದು ಮನೆಗೆ ಬಂದು, ನಿಂತು ಬಂದೆ ಕಣೇ ಅಂದೆ.

ಮಾರನೇ ದಿನ ನಾದಿಯಾ ಬಾಣಂತಿಗೆಂದು ಬಿಸಿ ಸೂಪು ತಂದಳು. ಅಕ್ಕನಿಗೆ ಹುಷಾರಿರಲಿಲ್ಲವಾ, ನಿನ್ನೆ ಬರಲಿಲ್ಲ ಎಂದು ವಿಚಾರಿಸಿದಳು. ಸವಿತಾ ನನ್ನ ಮುಖ ನೋಡಿದಳು.

ಮುಂದಿನ ಭಾನುವಾರ ಮಗುವಿಗೆ ಹಾಲೂಡಿಸಿ ಗಂಡನ ಕೈಗೆ ಕೊಟ್ಟಳು. ಕಿವಿಗೆ ಹತ್ತಿ ಇಟ್ಟು, ನನ್ನ ಶಾಲನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆಯೇ ಓಡಿದೆ. ನೀನೀಗ ಥೇಟ್ ನಮ್ಮ ಕಡೆಯವಳೇ ಎಂದು, ತಾನೂ ತಲೆಗೆ ಬಟ್ಟೆ ಸುತ್ತಿದ್ದ ನಾದಿಯಾ ನಕ್ಕಳು. ಒಂದು ಕಾರು ನಿಧಾನಿಸಿತು. ನಿಮ್ಮ ದೇಶಕ್ಕೆ ಹೋಗಿ ಎಂದು ಒಬ್ಬ ಕೂಗಿದ. ಸವಿತಾ ಬೋರ್ಡನ್ನು ಇನ್ನಷ್ಟು ಮೇಲೆತ್ತಿ ಹಿಡಿದಳು. ಇವಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು ನಾನು ಅನ್ನಿಸಿ ಎದೆಯುಬ್ಬಿತು. ತಂಗಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, ಅವಳ ಕೆಲಸದ ಮಾತಿಗಿಂತ ಮೊದಲು ಇವತ್ತಿಗೂ ಇದನ್ನೇ ಹೇಳುತ್ತೇನೆ.

ಅವಳ ಪಕ್ಕ ಹೋಗಿ ನಿಂತೆ. ತಪ್ಪಾಯ್ತು ಅಂದೆ.

"ನಂಗಲ್ಲ, ಅವ್ರಿಗೆ ಹೇಳು."

ನನಗೆ ಇಂಗ್ಲಿಷ್ ಅಷ್ಟಿಷ್ಟು ಅರ್ಥವಾಗುತ್ತದೆ, ಮಾತಾಡಲು ಬಾರದು. ನಾದಿಯಾಳ ತಣ್ಣನೆಯ ಕೈ ಹಿಡಿದು ಕನ್ನಡದಲ್ಲೇ ಹೇಳಿದೆ: "ತಪ್ಪಾಯ್ತು ಕಣಮ್ಮ. ಅವತ್ತು ಇಲ್ಲೀವರೆಗೂ ಬಂದು, ನಿನ್ನೊಬ್ಬಳನ್ನೇ ಬಿಟ್ಟು ಹೋಗ್ಬಿಟ್ಟೆ."