ಕನ್ನಡಕ ಇಟ್ಟು ಹೊರಗೆ ಹೋಗುವವರು

ಬೆಳಗಿನ ಆರೂಮುಕ್ಕಾಲು. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹೊತ್ತಿಕೊಳ್ಳುತ್ತದೆ. ನೀಲಿ ಸಮವಸ್ತ್ರದ ಅಟೆಂಡರ್ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಒಂದು ಕೆಂಪು ಡಬ್ಬಿ, ಒಂದು ಬಟ್ಟೆ ಚೀಲ ಇಡುತ್ತಾರೆ. ಮೇಜಿನ ಡ್ರಾಯರನ್ನು ಎಳೆದು, ತಳ್ಳಿ, ಸದ್ದು ಬರುತ್ತದೆಯೇ ಎಂದು ಕಿವಿಗೊಡುತ್ತಾರೆ. ಬಂದರೆ ಅಂಚಿಗೆ ಮೇಣದಬತ್ತಿ ಉಜ್ಜಬೇಕು. ಹೊರಗೆ ನಿಂತವರಿಗೆ ಡ್ರಾಯರ್ ತೆರೆದದ್ದು ಕೇಳಿಸಬಾರದು. ಹೊರಗೆ ನಿಲ್ಲುವವರು ಅವರೇ.

ಏಳಕ್ಕೆ, ಗುಳಿಗೆಯ ಮಂಪರು ಏರುವ ಮೊದಲೇ, ಮೊದಲ ರೋಗಿ ಬರುತ್ತಾರೆ. ಐವತ್ತೆರಡು ವರ್ಷದ ಟೈಲರ್. ಐದು ತಿಂಗಳ ಹಿಂದೆ ಅವರ ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಈಗ ಕೈ ಆಡುತ್ತದೆ, ಮಾತು ಸರಾಗ, ಬ್ಲೌಸಿನ ಅಳತೆ ಬಾಯಲ್ಲೇ ಇದೆ. ಆದರೂ ಮನೆಯವರು ಕರೆತಂದಿದ್ದಾರೆ.

ಅಟೆಂಡರ್ ತಮ್ಮ ಕನ್ನಡಕ ತೆಗೆದು, ಟೈಲರಮ್ಮನಿಗೆ ಕಾಣುವಂತೆ ಕೆಂಪು ಡಬ್ಬಿಯಲ್ಲಿ ಇಟ್ಟು ಮುಚ್ಚಳ ಹಾಕುತ್ತಾರೆ. "ಇಲ್ಲಿಟ್ಟಿದ್ದೀನಿ, ಒಂದು ನಿಮಿಷ ಬಂದೆ" ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ಎದುರು ಕುಳಿತ ಮನಃಶಾಸ್ತ್ರಜ್ಞೆ ಕನ್ನಡಕವನ್ನು ಡಬ್ಬಿಯಿಂದ ತೆಗೆದು ಡ್ರಾಯರಿಗೆ ಹಾಕಿ ಕೇಳುತ್ತಾರೆ: "ಅವರು ವಾಪಸ್ ಬಂದ್ಮೇಲೆ ಕನ್ನಡಕಾನ ಮೊದಲು ಎಲ್ಲಿ ಹುಡುಕ್ತಾರೆ?"

"ಡ್ರಾಯರಲ್ಲಿ" ಎನ್ನುತ್ತಾರೆ ಟೈಲರಮ್ಮ, ಇದೂ ಒಂದು ಪ್ರಶ್ನೆಯೇ ಎಂಬಂತೆ. "ಅಲ್ಲೇ ತಾನೇ ಇರೋದು?"

ತನಗೆ ಗೊತ್ತಿರುವುದು ಹೊರಗಿದ್ದವರಿಗೆ ಗೊತ್ತಿಲ್ಲ ಎಂಬುದು ಈ ಟೈಲರಮ್ಮನಿಗೆ ಹೊಳೆಯುವುದಿಲ್ಲ. ಇನ್ನೊಬ್ಬರ ತಲೆಯೊಳಗೆ ಏನು ನಡೆದಿದೆ ಎಂದು ಊಹಿಸುವ ಕೆಲಸವನ್ನು ನಾವು ದಿನಕ್ಕೆ ಸಾವಿರ ಸಲ, ಉಸಿರಾಡಿದಷ್ಟು ಸಲೀಸಾಗಿ ಮಾಡುತ್ತೇವೆ. ಮೆದುಳಿಗೆ ಪೆಟ್ಟು ಬಿದ್ದಾಗ, ಅದರ ಮುಂಭಾಗ ಸವೆಯುತ್ತ ಹೋದಾಗ, ಕೆಲವು ಮನೋರೋಗಗಳಲ್ಲಿ ಈ ಊಹೆ ಕೈಕೊಡುತ್ತದೆ. ಎಲ್ಲರಲ್ಲೂ ಒಂದೇ ರೀತಿಯಲ್ಲಲ್ಲ. ಒಬ್ಬರಿಗೆ ಎದುರಿನವರ ಮನಸ್ಸು ಇದ್ದೂ ಇಲ್ಲದಂತೆ. ಮತ್ತೊಬ್ಬರಿಗೆ ದಾರಿಹೋಕನ ಕೆಮ್ಮಿನಲ್ಲೂ ತನ್ನ ಮೇಲಿನ ಸಂಚು ಕೇಳಿಸುತ್ತದೆ. ಎಲ್ಲಿ ತಪ್ಪುತ್ತಿದೆ ಎಂದು ಹುಡುಕುವುದು ಈ ಕೋಣೆಯ ಕೆಲಸ.

ರೋಗಿಗಳು ಅಟೆಂಡರಿಗೆ ಇಟ್ಟ ಹೆಸರು 'ಹೊರಗಿನಮ್ಮ'. ದಿನಕ್ಕೆ ಸುಮಾರು ಆರು ರೋಗಿಗಳು, ಒಬ್ಬೊಬ್ಬರಿಗೆ ಮೂರು ಸಲ ಹೊರಗೆ, ಪ್ರತಿ ಸಲ ನಲವತ್ತು ಸೆಕೆಂಡು. ಹತ್ತೊಂಬತ್ತು ವರ್ಷದ ರಜೆಗಳನ್ನು ಕಳೆದರೂ ಈ ಬಾಗಿಲು ದಾಟಿದ್ದು ತೊಂಬತ್ತು ಸಾವಿರ ಸಲಕ್ಕೆ ಕಡಿಮೆಯಿಲ್ಲ. ಲೆಕ್ಕ ಕೇಳಿ ಅವರು ನಗುತ್ತಾರೆ. "ಇಷ್ಟು ಸಲ ಮನೆ ಬಿಟ್ಟು ಹೋಗಿದ್ರೆ ನನ್ನ ಗಂಡ ಸುಧಾರಿಸ್ತಿದ್ರು." ಬಾಗಿಲಿನ ಗಾಜಿಗೆ ಹಳೆ ಪೇಪರ್ ಅಂಟಿಸಿದವರೂ ಅವರೇ. ಇಣುಕಿದರು ಎಂಬ ಅನುಮಾನ ಯಾರಿಗೂ ಬರಬಾರದು.

ನೆಲ ಒರೆಸುವ ಕೆಲಸಕ್ಕೆ ಸೇರಿದವರು ಈ ಕೋಣೆಯಲ್ಲೇ ನಿಂತುಬಿಟ್ಟದ್ದಕ್ಕೆ ಕಾರಣ ಅವರ ಅಣ್ಣ. ವೆಲ್ಡಿಂಗ್ ಮಾಡುತ್ತಿದ್ದ ಅಣ್ಣ ಅಟ್ಟಣೆಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಗಾಯ ಮಾಯಿತು, ಮನುಷ್ಯ ಬದಲಾದರು. "ಅಪ್ಪನ ಹೆಣ ಇನ್ನೂ ಎತ್ತಿಲ್ಲ, ಅಷ್ಟು ಜನರ ಮಧ್ಯೆ 'ಊಟ ಎಷ್ಟೊತ್ತಿಗೆ?' ಅಂದ. ಚಿಕ್ಕಪ್ಪ ಕೆನ್ನೆಗೆ ಬಾರಿಸಿದ್ರು. ಕೊಬ್ಬು ಅಂದ್ವಿ. ನಾನೂ ಅಂದೆ. ಎರಡು ವರ್ಷ ಮಾತು ಬಿಟ್ಟೆ." ಆಮೇಲೊಂದು ದಿನ, ಇಲ್ಲಿ ಮೂಲೆಯ ಕಸ ಗುಡಿಸುತ್ತಿದ್ದಾಗ, ಅಣ್ಣನಂಥದೇ ಒಬ್ಬ ರೋಗಿ ಇಂಥದೇ ಪ್ರಶ್ನೆಗೆ ತಪ್ಪು ಉತ್ತರ ಹೇಳಿದ್ದು ಕೇಳಿಸಿತು. "ಪೊರಕೆ ಅಲ್ಲೇ ಬಿಟ್ಟು ಮನೆಗೆ ಓಡಿದೆ."

ಅಣ್ಣ ಈಗ ಈ ತಂಗಿಯ ಮನೆಯಲ್ಲೇ ಇದ್ದಾರೆ. "ಬೇಜಾರಾದ್ರೆ ನೇರ ಹೇಳ್ತೀನಿ. ಅಣ್ಣಾ, ನನಗೀಗ ಬೇಜಾರಾಗಿದೆ, ಟೀವಿ ಸೌಂಡ್ ಕಮ್ಮಿ ಮಾಡು ಅಂತ. ಮಾಡ್ತಾನೆ. ನಿಮ್ಮನೇಲಿ ಬುದ್ಧಿ ನೆಟ್ಟಗಿರೋರು ಮಾಡ್ತಾರಾ?"

ಮೊದಲು ಈ ಪರೀಕ್ಷೆಯಲ್ಲಿ ಕನ್ನಡಕ ಇರಲಿಲ್ಲ. ಮರದಲ್ಲಿ ಮಾಡಿದ ಬೀಗದ ಕೈಯೊಂದಿತ್ತು, ಅದನ್ನು ಯಾವಾಗಲೂ ಡಬ್ಬಿಯಿಂದ ಡ್ರಾಯರಿಗೇ ಸಾಗಿಸುತ್ತಿದ್ದರು. ಏಳು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಇದ್ದ ಒಬ್ಬ ಗಡಿಯಾರ ರಿಪೇರಿಯವರು ಬಂದರು. ಅವರೂ "ಡ್ರಾಯರ್" ಎಂದರು. ಮನಃಶಾಸ್ತ್ರಜ್ಞೆ ತಪ್ಪು ಗುರುತು ಹಾಕಿದರು. ಅಟೆಂಡರ್ ಒಳಗೆ ಬಂದು, ರೂಢಿಯಂತೆ ಡಬ್ಬಿ ತೆರೆದು, ಅಯ್ಯೋ ಎಂದು ಗಲ್ಲದ ಮೇಲೆ ಕೈಯಿಟ್ಟರು. ರಿಪೇರಿಯವರು ನಕ್ಕರು: "ನಾಟಕ ಚೆನ್ನಾಗಿದೆ ಅಮ್ಮಾ. ನಿನ್ನೆ ನನ್ನ ಪಕ್ಕದ ಬೆಡ್ಡಿನವನಿಗೂ ಇದನ್ನೇ ಮಾಡಿದ್ರಂತೆ. ಡ್ರಾಯರಲ್ಲಿದೆ ಅಂತ ನಿಮಗೆ ಗೊತ್ತಿಲ್ವಾ?"

ಗೊತ್ತಿತ್ತು. ಹನ್ನೆರಡು ವರ್ಷದಿಂದ ಗೊತ್ತಿತ್ತು.

"ಮೇಡಂ, ಆ ತಪ್ಪು ಗುರುತು ಹೊಡೆದು ಹಾಕಿ. ಅವರು ಹೇಳಿದ್ದೇ ಸರಿ" ಎಂದರು ಅಟೆಂಡರ್.

"ಅಮ್ಮಾ, ನೀವು ಸ್ವಲ್ಪ ಹೊರಗೆ ಹೋಗಿ."

"ಹೊರಗೆ ಹೋಗೋದೇ ನನ್ನ ಕೆಲಸ, ಹೋಗ್ತೀನಿ. ನೀವು ಹೊಡೆದು ಹಾಕಿದ ಮೇಲೆ."

ಆ ಗುರುತಿನ ಮೇಲೆ ಒಬ್ಬ ಮನುಷ್ಯ ಮತ್ತೆ ಅಂಗಡಿ ತೆರೆಯಬಹುದೇ ಇಲ್ಲವೇ ಎಂಬ ವರದಿ ನಿಂತಿತ್ತು. ಅವರಿಗೆ ತೊಂದರೆ ಇರಲಿಲ್ಲ ಎಂದಲ್ಲ. ಬೀದಿಯ ಪ್ರತಿ ಶಿಳ್ಳೆಯೂ ತನಗೇ ಎಂದು ನಂಬಿದ್ದರು. ಆದರೆ ಎದುರಿಗಿದ್ದ ಹೆಂಗಸಿನ ಮನಸ್ಸನ್ನು ಆ ದಿನ ಸರಿಯಾಗಿ ಓದಿದವರು ಕೋಣೆಯಲ್ಲಿ ಅವರೊಬ್ಬರೇ. ಅಟೆಂಡರಿಗೆ ಮೆಮೊ ಬಂತು, ಹತ್ತು ದಿನ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು. ಹನ್ನೊಂದನೇ ದಿನ ಮನಃಶಾಸ್ತ್ರಜ್ಞೆಯೇ ಹೋಗಿ ಕರೆತಂದರು. "ಅವತ್ತು ಕೋಪ ಬಂತು, ಆಮೇಲೆ ನಾಚಿಕೆ ಆಯ್ತು" ಎನ್ನುತ್ತಾರೆ ಅವರು ಈಗ. "ನಾವು ರೋಗಿಯನ್ನ ಪರೀಕ್ಷೆ ಮಾಡ್ತಿದ್ವಿ. ನಮ್ಮ ಪರೀಕ್ಷೇನ ಯಾರೂ ಪರೀಕ್ಷೆ ಮಾಡಿರಲಿಲ್ಲ." ಗುರುತು ಬದಲಾಯಿತು, ಗಡಿಯಾರದ ಅಂಗಡಿ ತೆರೆಯಿತು. ಅಟೆಂಡರ್ ಮತ್ತೆ ಕೆಲಸಕ್ಕೆ ಬರಲು ಒಂದು ಷರತ್ತು ಹಾಕಿದರು: ತನಗೆ ನಿಜವಾಗಿಯೂ ಗೊತ್ತಿರಬಾರದು.

ಅಂದಿನಿಂದ ಮನಃಶಾಸ್ತ್ರಜ್ಞೆ ಮೊದಲೇ ಗುಟ್ಟಾಗಿ ಚೀಟಿ ಎತ್ತಿ, ಡಬ್ಬಿಯೋ ಡ್ರಾಯರೋ ಬಟ್ಟೆ ಚೀಲವೋ ಎಂದು ಜಾಗ ನಿರ್ಧರಿಸುತ್ತಾರೆ. ಅರ್ಧದಷ್ಟು ಸಲ ವಸ್ತುವನ್ನು ಕದಲಿಸುವುದೇ ಇಲ್ಲ, ಹಾಗಾಗಿ ಇಟ್ಟಲ್ಲೇ ಮೊದಲು ನೋಡುವುದು ಅವರ ಪಾಲಿಗೂ ನಿಜವಾದ ಊಹೆ. ಉತ್ತರದ ಜೊತೆ "ಯಾಕೆ?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬೀಗದ ಕೈಯ ಬದಲು ಸ್ವಂತ ಕನ್ನಡಕ ಬಂದಿದೆ. "ಅದಿಲ್ದಿದ್ರೆ ಕಂಬಕ್ಕೂ 'ಚೆನ್ನಾಗಿದ್ದೀರಾ' ಅಂತೀನಿ. ಹುಡುಕೋದು ನಿಜವಾಗಿ ಹುಡುಕಬೇಕಲ್ಲ."

ಈಗ ಆಸ್ಪತ್ರೆ ದೊಡ್ಡ ಪರದೆಯೊಂದನ್ನು ತರಿಸಿದೆ. ಮುಂದಿನ ತಿಂಗಳಿಂದ ಪರೀಕ್ಷೆಯೆಲ್ಲ ವಿಡಿಯೊದಲ್ಲಿ. ಈ ಶನಿವಾರ ಕ್ಯಾಮೆರಾದ ಮುಂದೆ ಒಂದು ಸಲ ಹೊರಗೆ ಹೋಗಿ ಬಂದರೆ ಸಾಕು, ಆಮೇಲೆ ಕುಳಿತು ಉಣ್ಣಬಹುದು ಎಂದಿದ್ದಾರೆ ಕಚೇರಿಯವರು. ಹೊರಗಿನಮ್ಮ ಆಗುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಮೆಮೊ ಮತ್ತೆ ಬಂದಿದೆ. ಮಡಚಿ ಅಲುಗಾಡುವ ಮೇಜಿನ ಕಾಲಿನಡಿ ಇಟ್ಟಿದ್ದಾರೆ. "ವಿಡಿಯೊ ಮಾಡಿದ ಮೇಲೆ ಒಳಗೇನಾಯ್ತು ಅಂತ ಊರಿಗೆಲ್ಲ ಗೊತ್ತು. 'ಅಮ್ಮಾ, ನಾಟಕ' ಅಂತ ರೋಗಿ ಹೇಳಿದ್ರೆ ಪರದೆ ತಿರುಗಿ ಜಗಳಕ್ಕೆ ನಿಲ್ಲುತ್ತಾ?"

ಟೈಲರಮ್ಮನ ಪರೀಕ್ಷೆ ಮುಗಿದಿದೆ. ಹೊರಗಿನ ಬೆಂಚಿನಲ್ಲಿ ಮಗಳು ಕುಳಿತಿದ್ದಾಳೆ, ಕಣ್ಣು ಊದಿದೆ. "ಅಮ್ಮನಿಗೆ ನಾವ್ಯಾರೂ ಬೇಡ. ಮೊನ್ನೆ ನಾನು ಎದುರಿಗೇ ಕೂತು ಅಳ್ತಿದ್ರೆ, ಶೀತ ಆಗಿದ್ಯಾ ಅಂತ ಕೇಳಿದ್ಲು."

"ಕೇಳಿದ್ರಲ್ಲ! ಬೇಡ ಆಗಿದ್ರೆ ಯಾಕೆ ಕೇಳ್ತಿದ್ರು?" ಹೊರಗಿನಮ್ಮ ಗದರುತ್ತಾರೆ. "ಮುಖ ನೋಡಿ ತಿಳ್ಕೊಳ್ಳಲಿ ಅಂತ ಕಾಯಬೇಡ ಮಗಳೇ. ಬಾಯಿಬಿಟ್ಟು ಹೇಳು."

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ತಾಯಿಗೆ ಮಗಳು ತಡವರಿಸುತ್ತ ಹೇಳುತ್ತಾಳೆ: "ಅಮ್ಮಾ, ನನಗೆ ಬೇಜಾರಾಗಿದೆ. ತುಂಬಾ."

ಟೈಲರಮ್ಮ ತಲೆಯೆತ್ತಿ ಅವಳನ್ನೇ ನೋಡುತ್ತಾರೆ. "ಮೊದಲೇ ಹೇಳ್ಬಾರ್ದಾ?" ಎಂದು ಮಗಳ ತೋಳು ಹಿಡಿದು ಮೆಟ್ಟಿಲ ಕಡೆ ನಡೆಯುತ್ತಾರೆ.

ಹೊರಗಿನಮ್ಮ ಡಬ್ಬಿಯ ಮುಚ್ಚಳ ಒರೆಸುತ್ತಿದ್ದಾರೆ. ಎರಡನೆಯ ರೋಗಿ ಬರುವ ಹೊತ್ತು. ಶನಿವಾರ ಏನು ಮಾಡುತ್ತೀರಿ ಎಂದು ಕೇಳಿದರೆ ಹೇಳುತ್ತಾರೆ:

"ಏಳಕ್ಕೆ ಬರ್ತೀನಿ. ಕನ್ನಡಕ ಇಡ್ತೀನಿ. ಹೊರಗೆ ಹೋಗ್ತೀನಿ. ಕ್ಯಾಮೆರಾ ಬೇಕಾದ್ರೆ ನನ್ನ ಜೊತೆ ಹೊರಗೆ ಬಂದು ನಿಂತ್ಕೊಳ್ಳಲಿ. ಒಳಗೆ ಏನಾಯ್ತು ಅಂತ ಅದಕ್ಕೂ ಗೊತ್ತಾಗಬಾರದು."