ಗಡಿಗೆಯ ತಳದ ಬೇಳೆ

"ದಿನಾ ಎರಡು ಲೋಟ ಬ್ಯಾಳಿ ಕಟ್ಟು ಕುಡಸ್ತೀನ್ರಿ" ಎಂದೆ, ಹೆಮ್ಮೆಯಿಂದಲೇ.

ಶಹಾಪುರದ ಡಾಕ್ಟರಮ್ಮ ರಕ್ತದ ರಿಪೋರ್ಟಿನಿಂದ ತಲೆ ಎತ್ತಿದರು. "ಮತ್ತ ಬ್ಯಾಳಿ?"

"ಅದು ಮನಿ ಮಂದಿಗ್ರಿ."

ಪಕ್ಕದಲ್ಲಿ ನನ್ನ ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಹರ್ನಿಯಾ ಆಪರೇಷನ್ ಆಗಿ ಐದು ವಾರ. ಹೊಲಿಗೆ ಬಿಚ್ಚಿಯಾಗಿದೆ, ಗಾಯದ ಬಾಯಿ ಮಾತ್ರ ಕೂಡುತ್ತಿಲ್ಲ. ಶುಗರ್ ಇಲ್ಲ, ಕೀವಿಲ್ಲ. ಪ್ರೋಟೀನ್ ಕಡಿಮೆ. ಹೀಗೇ ಬಿಟ್ಟರೆ ಮತ್ತೆ ಹೊಲಿಯಬೇಕಾದೀತು ಎಂದರು ಡಾಕ್ಟರಮ್ಮ.

ಕಟ್ಟು ಅಂದರೆ ಬೆಂದ ತೊಗರಿಬೇಳೆಯಿಂದ ಬಸಿದ ತಿಳಿನೀರು. ಜ್ವರದವರಿಗೆ, ಬಾಣಂತಿಗೆ, ಹಲ್ಲಿಲ್ಲದವರಿಗೆ ನಮ್ಮ ಕಡೆ ಅದೇ ಟಾನಿಕ್. ಸತ್ವವೆಲ್ಲ ನೀರಿಗೆ ಇಳಿದಿರುತ್ತದಲ್ಲ? (ಹಾಗಂತ ನನಗೆ ಹೇಳಿಕೊಟ್ಟವರು ಅತ್ತೆ. ಅವರಿಗೆ ಅವರ ಅತ್ತೆ.) ಉಳಿದ ಗಟ್ಟಿ ಬೇಳೆ ದುಡಿಯುವ ಗಂಡಸರಿಗೆ, ಓದುವ ಮಕ್ಕಳಿಗೆ.

ಡಾಕ್ಟರಮ್ಮ ಅತ್ತೆಯ ಕೊರಳ ಸರ ತೋರಿಸಿದರು. "ಅಮ್ಮಾ, ಪ್ರೋಟೀನೂ ಹಿಂಗೇ ಒಂದು ಸರ. ಇಪ್ಪತ್ತು ನಮೂನಿ ಮಣಿ, ಅಮೈನೋ ಆಮ್ಲ ಅಂತಾರ. ಮಣಿ ಪೋಣಿಸಿದಂಗ ಸರ ಮಡಚಿಕೊಂತದ, ಮಡಚಿದಂಗ ಅದರ ಕೆಲಸ. ಒಂದು ಉಂಡದ್ದು ಕರಗಸ್ತದ, ಒಂದು ರಕ್ತದಾಗ ಪ್ರಾಣವಾಯು ಹೊರ್ತದ, ಒಂದು ಗಾಯ ಕೂಡಸ್ತದ."

"ಆ ಮಣಿ ಕಟ್ಟಿನಾಗ ಇಲ್ಲೇನು?"

"ಸ್ವಲ್ಪ ಅದಾವ. ಬ್ಯಾಳಿ ಬೆಂದಮ್ಯಾಲ ಬಾಳಷ್ಟು ಅದರೊಳಗೇ ಗಟ್ಟಿಯಾಗಿ ಕುಂದರ್ತಾವ. ನೀವು ಬ್ಯಾಳಿ ಉಂಡ್ರ ಹೊಟ್ಟ್ಯಾಗ ಆ ಸರ ಹರಿದು ಮಣಿ ಬಿಡಿ ಆಗ್ತಾವ. ಮೈ ತನಗ ಬೇಕಾದ ಸರ ಹೊಸದಾಗಿ ಪೋಣಿಸ್ಕೊಂತದ. ಜೋಳದ ರೊಟ್ಟಿ ಕೂಡ ಉಣ್ರಿ. ರೊಟ್ಟ್ಯಾಗ ಕಮ್ಮಿ ಇರೋ ಮಣಿ ಬ್ಯಾಳ್ಯಾಗ ಅದ."

"ಮಣಿನೇ ಇಲ್ಲಂದ್ರ ದಾರ ಹಿಡಕೊಂಡು ಏನು ಮಾಡೂದು" ಎಂದರು ಅತ್ತೆ. ಡಾಕ್ಟರಮ್ಮ ನಕ್ಕರು. ಅತ್ತೆ ನಗಲಿಲ್ಲ.

ಸುರಪುರದ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಮುಖ ಮಾಡಿ ಕೂತರು. ಗಾಯ ನೋಯುತ್ತಿದೆ ಅಂದುಕೊಂಡೆ. ಅರ್ಧ ದಾರಿ ಕಳೆದ ಮೇಲೆ ಬಾಯಿ ಬಿಟ್ಟರು.

"ನೀ ಬಾಣಂತಿ ಇದ್ದಾಗ ನಿನಗೂ ಬರೇ ಕಟ್ಟೇ ಕುಡಿಸೀನಲ್ಲವ್ವಾ."

"ತುಪ್ಪ ಹಾಕಿ ಕೊಡ್ತಿದ್ರಿ, ಅತ್ತಿ."

"ಹಸಿವು ಆಗ್ತಿತ್ತೇನು?"

ಇಲ್ಲ ಎನ್ನಬೇಕಿತ್ತು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ನೋಡಿ, ನಿಜವೇ ಬಂದುಬಿಟ್ಟಿತು. "ಆಗ್ತಿತ್ರಿ."

ಅತ್ತೆ ಕಿಟಕಿಯಾಚೆ ನೋಡುತ್ತಲೇ ನನ್ನ ಕೈ ಹಿಡಿದರು. "ನನಗೂ ಆಗ್ತಿತ್ತು."

ಅಷ್ಟೇ. ಊರು ಬರುವವರೆಗೂ ಕೈ ಬಿಡಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಕಟ್ಟು ಬಸಿಯುವುದು ಸಾರಿಗೆ ಮಾತ್ರ. ಅತ್ತೆಗೆ ಮುರಿದ ರೊಟ್ಟಿಯ ಮೇಲೆ ನುಣ್ಣಗೆ ನುರಿದ ಬೇಳೆ, ಜೊತೆಗೆ ಮೊಸರು, ನೆನೆಸಿ ಬೇಯಿಸಿದ ಹೆಸರುಕಾಳು. ಒಂದೇ ವಾರಕ್ಕೆ ಪವಾಡವೇನೂ ಆಗಲಿಲ್ಲ. ಡ್ರೆಸ್ಸಿಂಗ್ ಬಟ್ಟೆ ದಿನದಿನಕ್ಕೆ ಚಿಕ್ಕದಾಯಿತು. ಮೊನ್ನೆ ಅದೂ ಬೇಡವಾಯಿತು. ಮತ್ತೆ ಹೊಲಿಯುವ ಮಾತಿಲ್ಲ.

ನಿನ್ನೆ ಮಧ್ಯಾಹ್ನ ಅತ್ತೆ ತಾವೇ ಒಲೆಯ ಹತ್ತಿರ ಬಂದು ಕೂತರು. ಸೌಟನ್ನು ಬೇಳೆ ಗಡಿಗೆಯ ತಳದವರೆಗೆ ಇಳಿಸಿ, ತಿರುವಿ, ಮೇಲೆತ್ತಿದರು. ಗಂಡಸರ ತಾಟುಗಳು ಸಾಲಾಗಿ ಕಾಯುತ್ತಿದ್ದವು. ಆ ಮೊದಲ ಸೌಟು ಬಿದ್ದದ್ದು ನನ್ನ ತಾಟಿಗೆ.

"ಮೊದಲ ನೀ ಉಣ್ಣು. ಅವರೇನು ಬಾಣಂತ್ಯಾರೇನು?"

ನಾನೂ ಬಾಣಂತಿಯಲ್ಲ; ಮಗನಿಗೆ ಇಪ್ಪತ್ತಾರು. ಆದರೂ ಉಂಡೆ.

ನಿಮ್ಮ ಮನೆಯಲ್ಲಿ ತಳದ ಬೇಳೆ ಯಾರ ತಾಟಿಗೆ ಬೀಳುತ್ತದೆ?